ಫ್ಯಾನ್ ಕಿತ್ತ ಮೇಲೆ ತಣ್ಣಗಾದ ಪೆಟ್ಟಿಗೆಗಳು

ರೋಣ, ನರಗುಂದ ತಾಲ್ಲೂಕುಗಳ ಹಳ್ಳಿಗಳಲ್ಲಿ ಬಯಲಿಗೆ ನಿಂತಿರುವ ಫೈಬರ್ ಇಂಟರ್ನೆಟ್ ಉಪಕರಣಗಳನ್ನಿಡುವ ನನ್ನ ಆರು ಪೆಟ್ಟಿಗೆಗಳಲ್ಲಿ ಹೊರಗಿನ ಗಾಳಿ ಎಳೆಯುವ ಫ್ಯಾನ್ ಈಗ ಒಂದೂ ಇಲ್ಲ. ಸಂದಿಯಿಲ್ಲದಂತೆ ಗ್ಯಾಸ್ಕೆಟ್ ಹಾಕಿ ಮುಚ್ಚುತ್ತೇನೆ ಎಂದಾಗ ಹುಬ್ಬಳ್ಳಿಯಲ್ಲಿ ಪೆಟ್ಟಿಗೆ ಮಾಡಿಕೊಡುವವರೇ "ಒಳಗ ಒಲಿ ಹಚ್ಚಿದಂಗ ಆಗತೈತ್ರೀ" ಎಂದು ನಕ್ಕಿದ್ದರು. ಅದಾಗಿ ಎರಡು ಬೇಸಿಗೆ ಕಳೆದಿವೆ.

ಮೊದಲು ನಾನೂ ಎಲ್ಲರಂತೆ ಕೆಳಗೆ ಫಿಲ್ಟರ್, ಮೇಲೆ ಎರಡು ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೆ. ಎರೆಮಣ್ಣಿನ ಧೂಳಿಗೆ ಕಡಲೆ ರಾಶಿಯ ಹೊಟ್ಟೂ ಸೇರಿ, ಹದಿನೈದು ದಿನಗಳಲ್ಲಿ ಫಿಲ್ಟರ್ ಕಂಬಳಿಯಂತಾಗುತ್ತಿತ್ತು. ಹೊರಗೆ 39 ಡಿಗ್ರಿ ಇದ್ದ ಒಂದು ಮಧ್ಯಾಹ್ನ ಒಳಗೆ 58ರ ಆಸುಪಾಸು ತೋರಿಸಿತು. 25 ಡಿಗ್ರಿ ದಾಟಿದ ಮೇಲೆ ಪ್ರತಿ ಹತ್ತು ಡಿಗ್ರಿಗೆ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದನ್ನು ನಾನು ಕಾಸು ಕೊಟ್ಟೇ ಕಲಿತೆ: ಒಂದೇ ವರ್ಷದಲ್ಲಿ ಮೂರು ಬ್ಯಾಟರಿ, ಎರಡು ಪವರ್ ಸಪ್ಲೈ, ಸುಮಾರು 45 ಸಾವಿರ ರೂಪಾಯಿ. ಕರೆಂಟ್ ಹರಿಸಿದರೆ ಒಂದು ಬದಿ ತಣ್ಣಗಾಗುವ ಪೆಲ್ಟಿಯರ್ ಕೂಲರ್‌ಗೆ ಸುರಿದ ಐದಾರು ಸಾವಿರ ಬೇರೆ. ಅದು ಕೊಟ್ಟ ತಂಪಿಗಿಂತ ತಿಂದ ಕರೆಂಟೇ ಹೆಚ್ಚು.

ನೆಲದೊಳಗೆ ತಂಪಿರುತ್ತದೆಂದು ಒಂದು ಬ್ಯಾಟರಿಯನ್ನು ಗುಂಡಿ ತೆಗೆದು ಹೂತಿದ್ದೂ ಉಂಟು. ಬೇಸಿಗೆಯಲ್ಲಿ ಬಿರುಕುಬಿಟ್ಟು ಮಳೆಗೆ ಉಬ್ಬುವ ಎರೆಭೂಮಿ ಗುಂಡಿಯ ಇಟ್ಟಿಗೆ ಗೋಡೆಯನ್ನೇ ಒಡೆದು ನೀರು ತುಂಬಿಸಿತು. ಆ ವಿಷಯ ಅಲ್ಲಿಗೆ ಬಿಡೋಣ.

ಕೊನೆಗೆ ಲೆಕ್ಕ ಹಾಕಿದಾಗ, ಒಎಲ್‌ಟಿ (ಫೈಬರ್ ಎಳೆಗಳ ಮೂಲಕ ಮನೆಮನೆಗೆ ಇಂಟರ್ನೆಟ್ ಹಂಚುವ ಯಂತ್ರ), ನೆಟ್‌ವರ್ಕ್ ಸ್ವಿಚ್ ಎಲ್ಲ ಸೇರಿ ಸುಡುತ್ತಿದ್ದದ್ದು 70 ವಾಟ್. ನೆತ್ತಿಯ ಬಿಸಿಲು ಸುರಿಯುವುದಾದರೋ ಚದರ ಮೀಟರಿಗೆ ಸುಮಾರು 1000 ವಾಟ್. ಆದ್ದರಿಂದ ಪೆಟ್ಟಿಗೆಗೆ ಬಿಳಿ ಬಣ್ಣ ಬಳಿಸಿ, ಮೇಲೂ ದಕ್ಷಿಣ, ಪಶ್ಚಿಮದ ಬದಿಗಳಿಗೂ ಮೂರು ಬೆರಳು ಅಂತರ ಬಿಟ್ಟು ಇನ್ನೊಂದು ತಗಡು ಕಟ್ಟಿಸಿದೆ; ನಡುವಿನ ಬಿಸಿಗಾಳಿ ತಾನಾಗಿ ಮೇಲೇರಿ ಹೋಗುತ್ತದೆ. ಒಳಗಿನ ಗಾಳಿಯನ್ನು ಒಳಗೇ ತಿರುಗಿಸಲು ಒಂದು ಚಿಕ್ಕ ಫ್ಯಾನ್ ಇದೆ, ಅದನ್ನು ಎಲ್ಲಿ, ಯಾವ ಓರೆಗೆ ಕೂರಿಸಿದ್ದೇನೆಂಬುದು ನನ್ನ ಹೊಟ್ಟೆಪಾಡಿನ ಗುಟ್ಟು. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವ ಬ್ಯಾಟರಿಯನ್ನು ಮಾತ್ರ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಲೇಬಾರದು. ಅದಕ್ಕೆ ಕೆಳಗೆ, ನೆರಳಿನಲ್ಲಿ, ಗಾಳಿಯಾಡುವ ಬೇರೆ ಗೂಡಿದೆ. ಈಗ ಹೊರಗೆ 39 ಇದ್ದರೆ ಒಳಗೆ 46, ಮೀರಿದರೆ 47. ಒಂದು ಪೆಟ್ಟಿಗೆಗೆ ತಗಲಿದ್ದು ಏಳು ಸಾವಿರದೊಳಗೆ. ಎಸಿ ಪೆಟ್ಟಿಗೆಗೆ ನನಗೆ ಹೇಳಿದ್ದ ದರ ಅದರ ಆರೇಳು ಪಟ್ಟು.

ಮಳೆಗಾಲದಲ್ಲಿ ಮಾತ್ರ ಮೊದಲ ವರ್ಷ ಎಡವಿದೆ. ಕಾದ ಪೆಟ್ಟಿಗೆಯ ಮೇಲೆ ಸಂಜೆಯ ಮಳೆ ಬಿದ್ದು ಒಳಗಿನ ಗಾಳಿ ಕುಗ್ಗಿದಾಗ ಅದು ಗ್ಯಾಸ್ಕೆಟ್ ಸಂದಿಯಿಂದಲೇ ನೀರು ಹೀರಿತು. ನೀರು ತಡೆದು ಗಾಳಿ ಬಿಡುವ ವೆಂಟ್ ಪ್ಲಗ್ ಒಂದನ್ನು ತಳಕ್ಕೆ ಹಾಕಿದ ಮೇಲೆ ಅದು ನಿಂತಿತು. ಒಳಗೆ ತೇವ ಕಟ್ಟುವುದು ಕರೆಂಟ್ ಇರುವ ರಾತ್ರಿ ಅಲ್ಲ, ಬ್ಯಾಟರಿಯೂ ಇಳಿದು ಎಲ್ಲ ಆರಿದ ರಾತ್ರಿ. ಆಗ ಹೀಟರ್ ಇದ್ದೂ ಉಪಯೋಗವಿಲ್ಲದ ಕಾರಣ, ಬಾಗಿಲ ಒಳಬದಿಗೆ ಸಿಲಿಕಾ ಜೆಲ್ ಚೀಲ ತೂಗುಹಾಕಿ ಎರಡು ತಿಂಗಳಿಗೊಮ್ಮೆ ಬಾಣಲೆಯಲ್ಲಿ ಹುರಿದು ಮತ್ತೆ ಹಾಕುತ್ತೇನೆ.