ಬೋರ್ ನೀರಿಗೆ ಒಗ್ಗುವ ಮೀನುಗಳು

ದಾವಣಗೆರೆಯಲ್ಲಿ ಅಕ್ವೇರಿಯಂ ಇಟ್ಟವರು ಮೊದಲು ಜಗಳ ಆಡುವುದು ನೀರಿನ ಜೊತೆ. ಅಂಗಡಿಯಿಂದ ನಿಯಾನ್ ಟೆಟ್ರಾ ತರುತ್ತಾರೆ. ಅದು ಅಮೆಜಾನ್ ಕಡೆಯ ಮೀನು. ಅಲ್ಲಿನ ನೀರು ಮೆದು, ಸ್ವಲ್ಪ ಹುಳಿ. ನಮ್ಮ ಬೋರ್ ನೀರೋ ಬಕೆಟ್ಟಿನ ಅಂಚಿಗೆಲ್ಲ ಬಿಳಿ ಸುಣ್ಣ ಕಟ್ಟುತ್ತದೆ. ಹಾಗಾಗಿ ಆರ್‌ಒ ನೀರು ಹಿಡಿ, ಅದಕ್ಕೆ ಖನಿಜದ ಪುಡಿ ಬೆರೆಸು, ಚಳಿಗೆ ಹೀಟರ್ ಹಾಕು ಅಂತ ಶುರುವಾಗುತ್ತದೆ. ಇಷ್ಟೆಲ್ಲ ನನ್ನಿಂದ ಆಗುವುದಿಲ್ಲ ಅನ್ನಿಸಿತು. ನೀರನ್ನು ಹಾಗೇ ಇಟ್ಟುಕೊಂಡು ಮೀನು ಬದಲಿಸಿದೆ.

ಭದ್ರಾ ನಾಲೆ, ಗದ್ದೆಯ ಕಾಲುವೆ, ಸೂಳೆಕೆರೆ, ಹರಿಹರದ ತುಂಗಭದ್ರೆ. ಇಲ್ಲೆಲ್ಲ ಸಿಗುವ ಬೆರಳುದ್ದದ ಮೀನುಗಳನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಎಲ್ಲ ಸೇರಿಸಿ ಸಸಲು ಅಂತ ಗುಡ್ಡೆ ಹಾಕಿ ಮಾರುತ್ತಾರೆ, ಸಾರಿಗೆ ಹೋಗುತ್ತದೆ. ಆ ಗುಡ್ಡೆಯಲ್ಲಿ ಸತ್ತು ಬೂದಿ ಬಣ್ಣಕ್ಕೆ ತಿರುಗಿದ ಮೀನು ಗಾಜಿನೊಳಗೆ ಹೇಗೆ ಕಾಣುತ್ತದೆ ಅನ್ನುವುದು ಸಾಕಿ ನೋಡಿದವರಿಗೆ ಮಾತ್ರ ಗೊತ್ತು.

ನನ್ನ ತೊಟ್ಟಿ ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 130 ಲೀಟರ್ ನೀರು. ಮರಳು, ಕಲ್ಲು, ಗಾಜು ಸೇರಿ ತೂಕ ಒಂದೂವರೆ ಕ್ವಿಂಟಲ್ ದಾಟುತ್ತದೆ, ಹಾಗಾಗಿ ಶೋಕೇಸ್ ಮೇಲೆ ಇಡುವ ಯೋಚನೆ ಬೇಡ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆ. ಎತ್ತರಕ್ಕಿಂತ ಉದ್ದ ಮುಖ್ಯ. ನಮ್ಮ ಮೀನುಗಳು ಹರಿಯುವ ನೀರಿನಲ್ಲಿ ಹುಟ್ಟಿದವು, ಅಡ್ಡಡ್ಡ ಓಡುತ್ತವೆ. ಮರಳನ್ನು ಸಣ್ಣ ಜರಡಿಯಲ್ಲಿ ಹಿಡಿದು, ತೊಳೆದ ನೀರು ತಿಳಿಯಾಗುವ ತನಕ ತೊಳೆದೆ.

ನೀರಿಗೆ ಬರೋಣ. ಊರಿನ ನಲ್ಲಿ ನೀರು ರಾಜನಹಳ್ಳಿಯ ಹತ್ತಿರ ತುಂಗಭದ್ರೆಯಿಂದ ಎತ್ತಿದ್ದು, ಇಲ್ಲವೇ ಭದ್ರಾ ನಾಲೆಯಿಂದ ಕುಂದವಾಡ ಕೆರೆಗೆ, ಟಿವಿ ಸ್ಟೇಷನ್ ಕೆರೆಗೆ ತುಂಬಿಸಿದ್ದು. ಅದು ಬೋರ್ ನೀರಿಗಿಂತ ಎಷ್ಟೋ ಮೆದು, ಆದರೆ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಡ್ರಮ್ಮಿನಲ್ಲಿ ಒಂದು ದಿನ ಬಿಟ್ಟು, ಏರ್ ಪಂಪ್ ಹಾಕಿದರೆ ಹೋಗುತ್ತದೆ. ಅವಸರ ಇದ್ದರೆ ಅಂಗಡಿಯ ಆಂಟಿ ಕ್ಲೋರಿನ್ ದ್ರಾವಣ. ನಾನು ಅರ್ಧ ನಲ್ಲಿ ನೀರು, ಅರ್ಧ ಬೋರ್ ನೀರು ಬೆರೆಸುತ್ತೇನೆ. ನಲ್ಲಿ ನೀರು ಬರದ ವಾರದಲ್ಲಿ ಬರೀ ಬೋರ್ ನೀರು. ನನ್ನ ತೊಟ್ಟಿಯ ಗೆಂಡೆ ಮೀನುಗಳು ಅದಕ್ಕೂ ಏನೂ ಅಂದುಕೊಳ್ಳುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಬೋರ್ ನೀರು ಕೆಟ್ಟದ್ದು. ಮೀನಿನ ಕಸದಿಂದ ಅಮೋನಿಯ ಹುಟ್ಟುತ್ತದೆ. ನೀರಿನ ಪಿಎಚ್, ಅಂದರೆ ಹುಳಿ ಕ್ಷಾರದ ಅಳತೆ, ಬೋರ್ ನೀರಿನ ಹಾಗೆ ಜಾಸ್ತಿ ಇದ್ದಷ್ಟೂ ಅದು ವಿಷ. ಪಿಎಚ್ ಏಳರಿಂದ ಎಂಟಕ್ಕೆ ಏರಿದರೆ ವಿಷದ ಪಾಲು ಹತ್ತಿರ ಹತ್ತಿರ 10 ಪಟ್ಟಾಗುತ್ತದೆ. ಬಿಸಿ ನೀರಾದರೆ ಇನ್ನೂ ಜಾಸ್ತಿ. ಬಿಸಿಲೂ ಗಡಸು ನೀರೂ ಎರಡೂ ಇರುವ ನಮ್ಮ ಕಡೆ, ತೊಟ್ಟಿ ತುಂಬಿಸಿದ ದಿನವೇ ಮೀನು ಬಿಡುವುದು ಅಂದ್ರೆ ಸುಮ್ನೆ ಕೊಂದ ಹಾಗೆ. ಅಮೋನಿಯವನ್ನು ನೈಟ್ರೈಟ್ ಮಾಡುವ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಬೇಕು. ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ಖಾಲಿ ತೊಟ್ಟಿಗೆ ದಿನಾ ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಟ್ಟೆ. ಗೆಳೆಯನೊಬ್ಬನ ಹಳೇ ತೊಟ್ಟಿಯಿಂದ ಕೊಳಕು ಸ್ಪಂಜ್ ತಂದು ನನ್ನ ಫಿಲ್ಟರ್ ಪಕ್ಕ ಹಿಂಡಿದೆ. ನೋಡಲು ಅಸಹ್ಯ, ಆದರೆ ಅದಕ್ಕಿಂತ ಒಳ್ಳೆ ಉಡುಗೊರೆ ಇಲ್ಲ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮೀನು.

ನಾಲೆಯ ನೀರು ನಿಲ್ಲಿಸಿದಾಗ ಅಲ್ಲಲ್ಲಿ ಗುಂಡಿಗಳಲ್ಲಿ ನೀರು ಉಳಿಯುತ್ತದೆ. ಅದರಲ್ಲಿ ಮೀನು ಸಿಕ್ಕಿಕೊಳ್ಳುತ್ತದೆ. ಬಿಸಿಲಿಗೆ ಆ ಗುಂಡಿ ಒಣಗುವುದು ಹೇಗೂ ಖಚಿತ, ಅಷ್ಟರೊಳಗೆ ಕೊಕ್ಕರೆಗಳು ಬಂದಿರುತ್ತವೆ. ನನ್ನ ಮೀನುಗಳು ಹೆಚ್ಚಿನವು ಅಂಥ ಗುಂಡಿಯವು. ಕೆರೆಯಿಂದ ಹಿಡಿಯಬೇಕಾದರೆ ಮೊದಲು ಕೇಳಬೇಕು. ಹೆಚ್ಚಿನ ಕೆರೆಗಳ ಮೀನು ಹಕ್ಕು ಯಾರಿಗಾದರೂ ಗುತ್ತಿಗೆ ಆಗಿರುತ್ತದೆ. ಸಸಲು ನಾಲ್ಕು ಬೇಕು ಅಂದ್ರೆ ನಗುತ್ತಾರೆ, ತಗೊಂಡು ಹೋಗು ಅನ್ನುತ್ತಾರೆ. ಮಳೆಗಾಲದ ಶುರುವಿನಲ್ಲಿ ಹಿಡಿಯುವುದಿಲ್ಲ, ಮೊಟ್ಟೆಯಿಡುವ ಹೊತ್ತು ಅದು. ಡಿಸೆಂಬರ್ ಜನವರಿಯ ಚಳಿಯಲ್ಲೂ ಇಲ್ಲ. ಆಗ ಗೆಂಡೆ, ಕೊರವಗಳ ಮೈಮೇಲೆ ಕೆಂಪು ಹುಣ್ಣು ಏಳುವ ಶಿಲೀಂಧ್ರ ರೋಗ ಬರುತ್ತದೆ. ಭಾರತಕ್ಕೆ ಇದು 1988ರಲ್ಲಿ ಬಂದದ್ದು. ಒಂದು ಹುಣ್ಣಿನ ಮೀನು ಕಂಡರೂ ಆ ನೀರಿನಿಂದ ಏನನ್ನೂ ತರಬಾರದು.

ತಂದ ಮೀನನ್ನು ನೇರ ತೊಟ್ಟಿಗೆ ಬಿಡುವುದಿಲ್ಲ. ಪ್ಲಾಸ್ಟಿಕ್ ಟಬ್ಬಿನಲ್ಲಿ ಬೇರೆ ಇಡುತ್ತೇನೆ, ತಿಂಗಳ ಹತ್ತಿರ. ಲೀಟರಿಗೆ ಎರಡು ಗ್ರಾಂ ಕಲ್ಲುಪ್ಪು. ತಳದಲ್ಲಿ ಬದುಕುವ ಲೋಚ್ ಮೀನು ಇದ್ದರೆ ಉಪ್ಪು ಕಡಿಮೆ, ಅದರ ಮೈಗೆ ಉಪ್ಪು ಹಿಡಿಸುವುದಿಲ್ಲ. ದಿನಾ ಟಾರ್ಚ್ ಬಿಟ್ಟು ಮೈ ನೋಡಬೇಕು. ಲಂಗರು ಹುಳು ಅಂತ ಒಂದಿದೆ. ರೆಕ್ಕೆಯ ಬುಡದಲ್ಲಿ ಸಣ್ಣ ದಾರದ ಎಳೆ ಅಂಟಿಕೊಂಡ ಹಾಗೆ ಇರುತ್ತದೆ. ಹತ್ತಿರದಿಂದ ನೋಡಿದರೆ ಎಳೆಯ ತುದಿ ಎರಡಾಗಿ ಕವಲೊಡೆದಿರುತ್ತದೆ. ಆ ಎರಡೂ ಮೊಟ್ಟೆಯ ಚೀಲಗಳು. ತಲೆ ಮಾತ್ರ ಮಾಂಸದೊಳಗೆ ಕೊಕ್ಕೆ ಹಾಕಿಕೊಂಡು ಕೂತಿರುತ್ತದೆ. ಉಪ್ಪಿಗೆ ಇದು ಬಗ್ಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಮೀನು ಹಿಡಿದು, ಚಿಮಟದಿಂದ ಬುಡಕ್ಕೇ ಹಿಡಿದು ನಿಧಾನವಾಗಿ ಎಳೆಯಬೇಕು. ಜಗ್ಗಿದರೆ ತಲೆ ಒಳಗೇ ಉಳಿಯುತ್ತದೆ.

ಈಗ ತೊಟ್ಟಿಯಲ್ಲಿ ಯಾರ್ಯಾರು ಇದ್ದಾರೆ ಅಂದರೆ, ಮುಖ್ಯವಾಗಿ ಟಿಕ್ಟೋ ಗೆಂಡೆಗಳು. ಬೆಳ್ಳಿ ಮೈ, ಎರಡು ಕಪ್ಪು ಚುಕ್ಕಿ: ಒಂದು ಕಿವಿರಿನ ಹಿಂದೆ, ಇನ್ನೊಂದು ಬಾಲದ ಹತ್ತಿರ. ಇದೇ ಥರದ ಸೋಫೋರ್ ಗೆಂಡೆಗೆ ಒಂದು ಚುಕ್ಕಿ ಬಾಲದ ಬುಡದಲ್ಲಿ, ಮತ್ತೊಂದು ಬೆನ್ನ ರೆಕ್ಕೆಯ ಬುಡದಲ್ಲಿ. ಗುಂಡಿಯಲ್ಲಿ ಎರಡೂ ಒಟ್ಟಿಗೇ ಸಿಗುತ್ತವೆ. ಟಿಕ್ಟೋಗೆ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ. ಟಿಪ್ಪು ಸತ್ತ ಮೇಲೆ ಕಂಪನಿಯವರು ಮೈಸೂರು ಸೀಮೆಯನ್ನು ನೋಡಿ ಬರೆದು ತಾ ಅಂತ ಕಳಿಸಿದ್ದು ಇವನನ್ನೇ. 1801ರಲ್ಲಿ ಹರಿಹರ, ದಾವಣಗೆರೆ, ಚಿತ್ರದುರ್ಗದ ಮೇಲೆ ಹಾದುಹೋದ. ನಮ್ಮೂರ ಕಂಬಳಿ ವ್ಯಾಪಾರದ ಬಗ್ಗೆ ಬರೆದ. ಮೀನಿಗೆ ಹೆಸರಿಟ್ಟಿದ್ದು ಮಾತ್ರ 1822ರಲ್ಲಿ, ಗಂಗೆಯ ಕಡೆಯ ಮೀನು ನೋಡಿ. ಇಲ್ಲೇ ಯಾವುದಾದರೂ ಕೆರೆಯಲ್ಲಿ ಇಣುಕಿದ್ದರೆ ಇಪ್ಪತ್ತು ವರ್ಷ ಮೊದಲೇ ಸಿಗುತ್ತಿತ್ತೇನೋ ಅಂತ ನನಗೊಂದು ತಮಾಷೆ.

ಗೆಂಡೆಗಳು ಗುಂಪಿನಲ್ಲೇ ಇರಬೇಕು. ಎಂಟು ಹತ್ತಕ್ಕಿಂತ ಕಡಿಮೆ ಇದ್ದರೆ ಮೂಲೆ ಹಿಡಿಯುತ್ತವೆ, ಬಣ್ಣ ಬಿಡುವುದಿಲ್ಲ. ಅವುಗಳ ಮೇಲೆ ರಾಸ್ಬೋರಾ, ಬಾಯಿಯಿಂದ ಬಾಲದ ತನಕ ಒಂದೇ ಕಪ್ಪು ಗೆರೆ, ಗೆರೆಯ ಮೇಲೆ ಚಿನ್ನದ ಹೊಳಪು. ಇನ್ನೂ ಮೇಲೆ ಡೆವಾರಿಯೊ, ನೀಲಿ ಹಳದಿ ಪಟ್ಟೆಯದು. ಒಂದು ಗಳಿಗೆ ನಿಲ್ಲುವ ಜೀವ ಅಲ್ಲ ಅದು. ಹಾರುತ್ತದೆ ಕೂಡ. ಪೈಪ್ ಬರುವ ಸಂದಿನಲ್ಲೂ ಹಾರುತ್ತದೆ. ನಾನು ಮುಚ್ಚಳದ ಸಂದಿಗಳಿಗೆಲ್ಲ ಸೊಳ್ಳೆ ಜಾಲರಿ ಕತ್ತರಿಸಿ ಅಂಟಿಸಿದ್ದೇನೆ.

ತಳದಲ್ಲಿ ಲೋಚ್. ಹಗಲು ಮರಳಿನಲ್ಲಿ ಹುದುಗಿರುತ್ತದೆ, ಕಣ್ಣು ಎರಡು ಮಾತ್ರ ಹೊರಗೆ. ಜರಡಿ ಹಿಡಿದ ಮರಳು ಬೇಕಾಗಿದ್ದು ಇದಕ್ಕೇ. ದಪ್ಪ ಜಲ್ಲಿಯಲ್ಲಿ ಹೂತುಕೊಳ್ಳಲು ಹೋದರೆ ಮೈ ತರಚಿಕೊಳ್ಳುತ್ತದೆ. ಆಮ್ಲಜನಕ ಕಡಿಮೆಯಾದರೆ ಇದು ಮೇಲೆ ಬಂದು ಗಾಳಿ ನುಂಗಿ, ಕರುಳಿನಲ್ಲಿ ಉಸಿರಾಡುತ್ತದೆ. ಲೋಚ್ ಪದೇ ಪದೇ ಮೇಲೆ ಓಡುತ್ತಿದ್ದರೆ ಏರ್ ಪಂಪ್ ನೋಡಬೇಕು ಅಂತ ಅರ್ಥ.

ಗ್ಲಾಸ್ ಫಿಶ್ ಬಗ್ಗೆ ಒಂದು ಮಾತು. ಮೈ ಪಾರದರ್ಶಕ, ಮೂಳೆ ಎಣಿಸಬಹುದು, ಎಲ್ಲರಿಗೂ ಆಸೆ. ಆದರೆ ಅದರಲ್ಲಿ ಚಂದಾ ನಾಮ ಅನ್ನುವ ಉದ್ದ ಮೈಯ ಜಾತಿ ಬೇರೆ ಮೀನಿನ ಹುರುಪೆ ಕಿತ್ತು ತಿನ್ನುತ್ತದೆ. ಅದು ಇರುವ ತೊಟ್ಟಿಯಲ್ಲಿ ಗೆಂಡೆಗಳ ಪಕ್ಕೆಯಲ್ಲಿ ಅಲ್ಲಲ್ಲಿ ಹುರುಪೆ ಹೋದ ಗುರುತು ಕಾಣುತ್ತದೆ. ಅಗಲ ಮೈಯ ರಂಗಾ ಜಾತಿ ಅಷ್ಟು ತಂಟೆಯದಲ್ಲ. ಗಿರ್ಲು ಮೀನು ಬೇಡ. ಮರಿಯಿದ್ದಾಗ ಮುದ್ದಾಗಿರುತ್ತದೆ, ರಾತ್ರಿ ದೀಪ ಆರಿದ ಮೇಲೆ ಬಾಯಿಗೆ ಹಿಡಿಸುವ ಮೀನನ್ನೆಲ್ಲ ನುಂಗುತ್ತದೆ. ಬಲೆಗೆ ಮುಳ್ಳು ಸಿಕ್ಕಿಸಿಕೊಂಡರೆ ಬಿಡಿಸುವವನ ಬೆರಳೂ ಹೋಯ್ತು. ಕೊರವ ಸಾಕುವ ಆಸೆ ಇದ್ದವರು ಗೇಣುದ್ದದ ಒಳಗೇ ಉಳಿಯುವ ಸಣ್ಣ ಜಾತಿ ತಂದು ಬೇರೆ ತೊಟ್ಟಿಯಲ್ಲಿ ಇಡಬಹುದು. ಗಂಡು ಮೀನು ತನ್ನ ಮರಿಗಳನ್ನು ಬಾಯೊಳಗೇ ಕಾಯುತ್ತದೆ, ನೋಡುವಂಥದ್ದು. ಮನೆಗೆ ಬಂದ ಹಿರಿಯರು ಮಾತ್ರ ಸಾರಿಗೆ ಹಾಕೋದನ್ನ ಶೋಕಿಗೆ ಇಟ್ಟಿದಾನೆ ಅನ್ನುತ್ತಾರೆ.

ಹೊಳೆಯ ಮೀನಿಗೆ ಗುಳಿಗೆ ಆಹಾರ ಅಂದರೆ ಕಲ್ಲು. ಬಾಯಿಗೆ ತಗೊಂಡು ಉಗುಳುತ್ತದೆ. ಮೊದಲ ವಾರ ಸೊಳ್ಳೆ ಮರಿ, ಕತ್ತರಿಸಿದ ಎರೆಹುಳು. ಸೊಳ್ಳೆ ಮರಿಗೆ ಹಿತ್ತಲಿನಲ್ಲಿ ಒಂದು ಬಕೆಟ್ ನೀರು ಇಟ್ಟರೆ ಸಾಕು, ಆದರೆ ಎರಡು ದಿನಕ್ಕೊಮ್ಮೆ ಪೂರ್ತಿ ಸೋಸಬೇಕು. ಇಲ್ಲದಿದ್ದರೆ ಡೆಂಗಿ ಸಾಕಿದ ಹಾಗೆ ಆಗುತ್ತದೆ, ಅಕ್ಕಪಕ್ಕದವರು ಬಿಡುತ್ತಾರಾ? ಆಮೇಲೆ ಗುಳಿಗೆ ತಿನ್ನಲು ಕಲಿತ ಹಳೇ ಮೀನು ಒಂದೆರಡನ್ನು ಹೊಸಬರ ಟಬ್ಬಿಗೆ ಬಿಡುತ್ತೇನೆ. ಅವು ತಿನ್ನುವುದನ್ನು ನೋಡಿ ಇವೂ ಬಾಯಿ ಹಾಕುತ್ತವೆ. ವಾರಕ್ಕೊಮ್ಮೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿ. ಇನ್ನು ನಮ್ಮೂರು ಅಂದ ಮೇಲೆ ಬಂದವರ ಕೈಯಲ್ಲಿ ಸಂಜೆ ಮಂಡಕ್ಕಿ ಇರುತ್ತದೆ, ಮಕ್ಕಳು ತೊಟ್ಟಿಗೆ ಹಾಕಿಯೇ ಹಾಕುತ್ತಾರೆ. ಒಗ್ಗರಣೆ ಮಂಡಕ್ಕಿಯಾದರೆ ಎಣ್ಣೆ ಬೇರೆ ತೇಲುತ್ತದೆ. ಆಗ ಮೇಲಿನ ನೀರನ್ನು ಲೋಟದಲ್ಲಿ ಎತ್ತಿ ಚೆಲ್ಲುವುದೇ ದಾರಿ.

ಬೇಸಿಗೆ ಕಷ್ಟ. ಏಪ್ರಿಲ್‌ನಲ್ಲಿ ಹೊರಗೆ 38 ಡಿಗ್ರಿ ದಾಟಿದರೆ ತೊಟ್ಟಿಯ ನೀರು 32ರ ಮೇಲೆ ಹೋಗುತ್ತದೆ. ಬಿಸಿಯನ್ನು ಈ ಮೀನುಗಳು ತಡೆಯುತ್ತವೆ, ಗಾಳಿ ಇಲ್ಲದಿರುವುದನ್ನು ತಡೆಯುವುದಿಲ್ಲ. 20 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, 30ರಲ್ಲಿ ಏಳೂವರೆ ಅಷ್ಟೇ. ಅದರ ಮೇಲೆ ಕರೆಂಟ್ ಹೋಯಿತು ಅಂದ್ರೆ? ಬ್ಯಾಟರಿಯ ಏರ್ ಪಂಪ್ ಒಂದು ಇರಲೇಬೇಕು. ಐಸ್ ಹಾಕುವುದು ಬೇಡ, ಒಮ್ಮೆಲೇ ತಣ್ಣಗಾದರೆ ಮೀನಿಗೆ ಆಘಾತ. ಟೇಬಲ್ ಫ್ಯಾನನ್ನು ನೀರಿನ ಮೇಲ್ಮೈಗೆ ಓರೆಯಾಗಿ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಮ್ಮದು ಒಣ ಗಾಳಿ, ನೀರು ಬೇಗ ಆವಿಯಾಗುತ್ತದೆ, ಅದೇ ತಂಪು. ಮಂಗಳೂರಿನಲ್ಲಿ ಇಷ್ಟು ಕೆಲಸ ಮಾಡಲಿಕ್ಕಿಲ್ಲ. ಆದರೆ ಆವಿಯಾಗುವುದು ಬರೀ ನೀರು, ಸುಣ್ಣ ತೊಟ್ಟಿಯಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದ ಜಾಗಕ್ಕೆ ಮತ್ತೆ ಬೋರ್ ನೀರು ಸುರಿಯಬಾರದು, ಮೆದು ನೀರೇ ಹಾಕಬೇಕು. ಅಡುಗೆಮನೆಯ ಆರ್‌ಒ ನೀರು ನಾನು ಬಳಸುವುದು ಇದೊಂದಕ್ಕೆ.

ಜೂನ್ ಬಂತು ಅಂದರೆ ನನಗೆ ಹಬ್ಬ. ಮೊದಲ ಮಳೆ ಬಿಟ್ಟು, ತಾರಸಿಯ ಧೂಳೆಲ್ಲ ತೊಳೆದುಹೋದ ಮೇಲಿನ ಮಳೆ ನೀರು ಹಿಡಿಯುತ್ತೇನೆ. ಬೇರೆ ಟಬ್ಬಿನ ತಳಕ್ಕೆ ಗೋಲಿಗಳನ್ನು ಹಾಸಿ, ಮೇಲೆ ಒಂದು ಹಿಡಿ ಹೈಡ್ರಿಲ್ಲಾ. ನಾಲೆಯಿಂದ ತಂದ ಗಿಡವಾದರೆ ಒಂದೊಂದೇ ಎಳೆ ಜಾಲಿಸಿ ನೋಡಬೇಕು. ಏರೋಪ್ಲೇನ್ ಚಿಟ್ಟೆಯ ಮರಿಹುಳು ಅಂಟಿಕೊಂಡು ಬರುತ್ತದೆ, ಅದು ಮೀನಿನ ಮರಿಗಳನ್ನು ಒಂದೊಂದಾಗಿ ಮುಗಿಸುತ್ತದೆ. ಹೊಟ್ಟೆ ತುಂಬಿಕೊಂಡ ಹೆಣ್ಣು ಟಿಕ್ಟೋ ಎರಡು, ಗಂಡು ಮೂರು. ಸಂಜೆ ಮೂರನೇ ಒಂದು ಪಾಲು ನೀರು ತೆಗೆದು ತಣ್ಣನೆಯ ಮಳೆ ನೀರನ್ನು ಸಣ್ಣ ಪೈಪಿನಲ್ಲಿ ನಿಧಾನವಾಗಿ ಬಿಡಬೇಕು. ಹೊಳೆಗೆ ಹೊಸ ನೀರು ಬಂತು ಅಂತ ಮೀನು ತಿಳಿಯುತ್ತದೆ. ಬೆಳಗಿನ ಜಾವ ನೋಡಿದರೆ ಗಂಡುಗಳ ಪಕ್ಕೆ ಕೆಂಪಗೆ, ಬೆನ್ನ ರೆಕ್ಕೆಯಲ್ಲಿ ಕಪ್ಪು ಚುಕ್ಕಿ. ಹೆಣ್ಣನ್ನು ಗಿಡದೊಳಕ್ಕೆ ತಳ್ಳಿಕೊಂಡು ಹೋಗುತ್ತವೆ. ಎರಡೂ ಅಕ್ಕಪಕ್ಕ ಒತ್ತಿ ಒಮ್ಮೆ ನಡುಗುತ್ತವೆ. ಗಾಜಿನ ಪುಡಿಯಂಥ ಮೊಟ್ಟೆಗಳು ಕೆಲವು ಎಲೆಗೆ ಅಂಟುತ್ತವೆ, ಉಳಿದವು ಗೋಲಿಗಳ ಸಂದಿಗೆ ಇಳಿಯುತ್ತವೆ. ಗೋಲಿ ಇರುವುದು ಅದಕ್ಕೇ, ಯಾಕೆಂದರೆ ಇಟ್ಟ ಕೂಡಲೇ ಅಪ್ಪ ಅಮ್ಮ ಇಬ್ಬರೂ ತಿರುಗಿ ತಿನ್ನಲು ಶುರು ಮಾಡುತ್ತಾರೆ. ಮಧ್ಯಾಹ್ನದೊಳಗೆ ದೊಡ್ಡವನ್ನೆಲ್ಲ ಹಿಡಿದು ವಾಪಸ್ ಹಾಕಬೇಕು.

ಸುಮಾರು ಒಂದು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮರಿ ಎರಡು ದಿನ ಗಾಜಿಗೆ ನೇತಾಡಿಕೊಂಡಿರುತ್ತದೆ, ಹೊಟ್ಟೆಯ ಭಂಡಾರ ಮುಗಿಯುವ ತನಕ. ಈಜಲು ಶುರು ಮಾಡಿದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಆಹಾರ ಬೇಕು. ಭತ್ತದ ನಾಡಿನಲ್ಲಿ ಅದಕ್ಕೆ ಬರವಿಲ್ಲ, ಅಲ್ವಾ? ಔಷಧಿ ಹೊಡೆಯದ ಹುಲ್ಲು ಒಂದು ಹಿಡಿ ಬಾಟಲಿಯಲ್ಲಿ ನೆನೆಸಿ ಕಿಟಕಿಯಲ್ಲಿ ಇಟ್ಟರೆ ನಾಲ್ಕು ದಿನಕ್ಕೆ ನೀರು ಮಬ್ಬಾಗಿ, ಅದರಲ್ಲಿ ಸೂಕ್ಷ್ಮ ಜೀವಿಗಳು ತುಂಬುತ್ತವೆ. ಮೂರು ಹೊತ್ತು ಒಂದೊಂದು ಚಮಚ. ಮರಿ ಕಣ್ಣಿಗೆ ಸರಿಯಾಗಿ ಕಾಣುವಷ್ಟು ಆದ ಮೇಲೆ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸಿಗಡಿಯ ಮರಿ.

ಒಂದು ಸಲಕ್ಕೆ ನೂರರ ಮೇಲೆ ಮರಿ ಉಳಿದರೆ ಏನು ಮಾಡುವುದು? ಕೆರೆಗೆ ಬಿಡು, ಅಲ್ಲಿಯದೇ ಮೀನಲ್ವಾ ಅಂತ ಎಲ್ಲರೂ ಹೇಳುತ್ತಾರೆ. ನಾನು ಬಿಡುವುದಿಲ್ಲ. ಅಂಗಡಿ ಮೀನಿನ ರೋಗ ಗಿಡದ ಜೊತೆಗೋ, ಬಲೆಯ ಜೊತೆಗೋ ನನ್ನ ತೊಟ್ಟಿಗೆ ಬಂದಿರಬಹುದು, ಅದು ಕೆರೆಗೆ ಹೋಗುವುದು ಬೇಡ. ಕೆರೆಗಳಲ್ಲಿ ತಿಲಾಪಿಯ, ಆಫ್ರಿಕನ್ ಕ್ಯಾಟ್‌ಫಿಶ್, ಸಕ್ಕರ್ ಮೀನು ಸೇರಿಕೊಂಡಿದ್ದೇ ಇಂಥ ಉದಾರ ಮನಸ್ಸಿನಿಂದಲೂ ಹೌದು. ಮರಿಗಳನ್ನು ಸಾಕುವವರಿಗೆ ಸುಮ್ನೆ ಕೊಡುತ್ತೇನೆ. ನೀರು ಎಲ್ಲಿಯದು, ತೊಟ್ಟಿ ಎಷ್ಟು ಹಳೆಯದು, ಮುಚ್ಚಳ ಇದೆಯಾ ಅಂತ ಕೇಳುತ್ತೇನೆ. ಮುಚ್ಚಳ ಇಲ್ಲ ಅಂದವರಿಗೆ ಟಿಕ್ಟೋ ಕೊಡುತ್ತೇನೆ, ಡೆವಾರಿಯೊ ಕೊಡುವುದಿಲ್ಲ.