ಕಮಾಂಡ್ ಲೈನ್‌ನಿಂದ ಪೋಸ್ಟ್‌ಗ್ರೆಸ್ ಇನ್‌ಸ್ಟನ್ಸ್ ಸ್ಥಾಪಿಸಿದ ನನ್ನ ಅನುಭವ

ಈಗಾಗಲೇ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಒಂದು ಇನ್‌ಸ್ಟನ್ಸ್ (ಸ್ವತಂತ್ರವಾಗಿ ಓಡುವ ಪ್ರತಿ) ಇದ್ದ ಲಿನಕ್ಸ್ ಸರ್ವರ್‌ನಲ್ಲಿ, ಅದಕ್ಕೆ ಅಡಚಣೆಯಾಗದಂತೆ, 16ನೇ ಆವೃತ್ತಿಯ ಇನ್ನೊಂದನ್ನು ನಾನು ಸ್ಥಾಪಿಸಬೇಕಾಗಿತ್ತು. ಡೆಬಿಯನ್‌ನಲ್ಲಿ ಇದಕ್ಕೆಂದೇ ಪಿಜಿ_ಕ್ರಿಯೇಟ್‌ಕ್ಲಸ್ಟರ್ ಎಂಬ ಸಿದ್ಧ ಕಮಾಂಡ್ ಇದೆಯಾದರೂ ನಾನು ನೇರವಾಗಿ, ಹೊಸ ಇನ್‌ಸ್ಟನ್ಸಿನ ಡೇಟಾ ಡೈರೆಕ್ಟರಿಯನ್ನು ಸಿದ್ಧಪಡಿಸುವ ಪೋಸ್ಟ್‌ಗ್ರೆಸ್‌ನದೇ ಕಮಾಂಡ್ ಆದ ಇನಿಟ್‌ಡಿಬಿಯನ್ನೇ ಬಳಸಿದೆ. ಈ ಹಂತದ ಕೆಲವು ತೀರ್ಮಾನಗಳನ್ನು ಆಮೇಲೆ ಬದಲಿಸುವುದು ಕಷ್ಟ. ಅವನ್ನು ಯಾವುದೋ ಸ್ಕ್ರಿಪ್ಟ್‌ನ ಡಿಫಾಲ್ಟ್‌ಗೆ ಬಿಡಲು ನನಗೆ ಮನಸ್ಸಿರಲಿಲ್ಲ.

ಇನಿಟ್‌ಡಿಬಿ ರೂಟ್ ಬಳಕೆದಾರನ ಹೆಸರಿನಲ್ಲಿ ಓಡಲು ಒಪ್ಪುವುದಿಲ್ಲವಾದ್ದರಿಂದ ಪೋಸ್ಟ್‌ಗ್ರೆಸ್ ಬಳಕೆದಾರನಾಗಿ ಲಾಗಿನ್ ಆದೆ. ಡೇಟಾಕ್ಕೆಂದು ಪ್ರತ್ಯೇಕ ಡಿಸ್ಕ್ ಮೌಂಟ್ ಮಾಡಿದ್ದೆ. ಅಂಥ ಡಿಸ್ಕ್‌ನ ಮೇಲಿನ ಹಂತದ ಡೈರೆಕ್ಟರಿಯಲ್ಲಿ ಸಾಮಾನ್ಯವಾಗಿ ‘ಲಾಸ್ಟ್+ಫೌಂಡ್’ ಫೋಲ್ಡರ್ ತಾನಾಗಿಯೇ ಇರುತ್ತದೆ. ಡೈರೆಕ್ಟರಿ ಖಾಲಿಯಿಲ್ಲವೆಂದು ಇನಿಟ್‌ಡಿಬಿ ಅಲ್ಲಿಯೇ ನಿಂತು, ಒಳಗೆ ಉಪಡೈರೆಕ್ಟರಿ ಮಾಡಿಕೊಳ್ಳುವಂತೆ ಹೇಳುತ್ತದೆ. ಆದ್ದರಿಂದ ಮೊದಲೇ ಒಂದು ಉಪಡೈರೆಕ್ಟರಿಯನ್ನು ರಚಿಸಿ ಅದರ ಒಡೆತನವನ್ನು ಪೋಸ್ಟ್‌ಗ್ರೆಸ್ ಬಳಕೆದಾರನಿಗೆ ಕೊಟ್ಟೆ. 0700 ಅನುಮತಿಯನ್ನು ಇನಿಟ್‌ಡಿಬಿಯೇ ಹಾಕಿತು.

ನಾನು ಹೆಚ್ಚು ಯೋಚಿಸಿದ್ದು ಲೊಕೇಲ್, ಅಂದರೆ ಪಠ್ಯದ ಭಾಷೆ ಮತ್ತು ವಿಂಗಡಣೆಯ ನಿಯಮಗಳ ಆಯ್ಕೆಯ ಬಗ್ಗೆ. ಏನೂ ಹೇಳದಿದ್ದರೆ ಇನಿಟ್‌ಡಿಬಿ ಶೆಲ್‌ನ ಲೊಕೇಲನ್ನೇ ಎತ್ತಿಕೊಳ್ಳುತ್ತದೆ. ಆಗ ಪಠ್ಯದ ವಿಂಗಡಣೆ ಆಪರೇಟಿಂಗ್ ಸಿಸ್ಟಮ್‌ನ ಲೈಬ್ರರಿಯನ್ನು ಅವಲಂಬಿಸುತ್ತದೆ, ಆ ಲೈಬ್ರರಿಯಾದ ಜಿಲಿಬ್‌ಸಿಯ 2.28ನೇ ಆವೃತ್ತಿಯಲ್ಲಿ ವಿಂಗಡಣೆಯ ನಿಯಮಗಳು ಬದಲಾದಾಗ, ಹಳೆಯ ಕ್ರಮದಲ್ಲಿ ಕಟ್ಟಿದ್ದ ಪಠ್ಯದ ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟಬೇಕಾಗಿ ಬಂದದ್ದು ಈ ಕಾರಣಕ್ಕೇ. ನಾನು ಯುಟಿಎಫ್-8 ಎನ್‌ಕೋಡಿಂಗ್ ಜೊತೆಗೆ ‘ಸಿ’ ಲೊಕೇಲ್ ಆರಿಸಿದೆ. ಅದು ಕೇವಲ ಬೈಟ್‌ಗಳನ್ನು ಹೋಲಿಸುವುದರಿಂದ ವೇಗವಾಗಿದೆ, ಸ್ಥಿರವಾಗಿದೆ. ಕನ್ನಡದ ಮಟ್ಟಿಗೆ ಅದರ ಕ್ರಮ ಸರಿಯಲ್ಲ: ಯೂನಿಕೋಡ್‌ನಲ್ಲಿ ‘ಳ’ ಅಕ್ಷರವು ‘ಲ’ದ ಪಕ್ಕದಲ್ಲೇ ಇರುವುದರಿಂದ, ವರ್ಣಮಾಲೆಯ ಕೊನೆಯಲ್ಲಿ ಬರಬೇಕಾದದ್ದು ‘ವ’ಕಾರಕ್ಕಿಂತ ಮೊದಲೇ ಬರುತ್ತದೆ. ಹೆಸರುಗಳನ್ನು ಅಕಾರಾದಿಯಾಗಿ ತೋರಿಸಬೇಕಾದ ಕಾಲಂಗಳಿಗೆ ಮಾತ್ರ ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ ಕನ್ನಡ ಕೊಲೇಶನ್ (ವಿಂಗಡಣೆಯ ಕ್ರಮ) ಕೊಟ್ಟೆ. ಇಡೀ ಇನ್‌ಸ್ಟನ್ಸಿಗೆ ಅದನ್ನೇ ಹೇರುವುದು ನನಗೆ ಅನಗತ್ಯವೆನಿಸಿತು.

ಡಿಸ್ಕ್‌ನಲ್ಲಿ ಡೇಟಾ ಕೆಟ್ಟರೆ ಪತ್ತೆಹಚ್ಚುವ ಡೇಟಾ ಚೆಕ್‌ಸಮ್ ಆಯ್ಕೆಯನ್ನೂ ಆಗಲೇ ಕೊಟ್ಟೆ. 18ನೇ ಆವೃತ್ತಿಯಲ್ಲಿ ಅದು ಹೇಳದೆಯೇ ಚಾಲೂ ಆಗಿರುತ್ತದೆ. 16ರಲ್ಲಿ ಕೇಳಿ ಪಡೆಯಬೇಕು. ದೃಢೀಕರಣ ವಿಧಾನವನ್ನು ಸೂಚಿಸದೆ ಬಿಟ್ಟರೆ ಇನಿಟ್‌ಡಿಬಿ ‘ಟ್ರಸ್ಟ್’ ಎಂದು ಬರೆದು, ಕೊನೆಯಲ್ಲಿ ಎಚ್ಚರಿಕೆಯ ಒಂದು ಸಾಲನ್ನು ತೋರಿಸಿ ಸುಮ್ಮನಾಗುತ್ತದೆ, ಅಂದರೆ ಆ ಯಂತ್ರದಲ್ಲಿ ಖಾತೆಯಿರುವ ಯಾರು ಬೇಕಾದರೂ ಪಾಸ್‌ವರ್ಡ್ ಇಲ್ಲದೆ ಸೂಪರ್‌ಯೂಸರ್ ಆಗಿ ಒಳಬರಬಹುದು. ನಾನು ಸ್ಕ್ರ್ಯಾಮ್-ಶಾ-256 ಎಂಬ ಪಾಸ್‌ವರ್ಡ್ ವಿಧಾನವನ್ನು ಸೂಚಿಸಿ, ಪಾಸ್‌ವರ್ಡನ್ನು ಕಮಾಂಡ್ ಓಡುವಾಗಲೇ ಕೇಳುವಂತೆ ಮಾಡಿದೆ.

ಕಾನ್ಫಿಗರೇಶನ್ ಫೈಲ್‌ನ ಕೆಲಸ ಬೇಗ ಮುಗಿಯಿತು. 5432 ಹಳೆಯ ಇನ್‌ಸ್ಟನ್ಸಿನ ಬಳಕೆಯಲ್ಲಿದ್ದುದರಿಂದ ಪೋರ್ಟ್ 5433 ಎಂದು ಬರೆದೆ. ಅದೇ ಯಂತ್ರದೊಳಗಿನ ಸಂಪರ್ಕಕ್ಕೆ ಬಳಸುವ ಸಾಕೆಟ್ ಫೈಲ್‌ನ ಹೆಸರಿನಲ್ಲಿ ಪೋರ್ಟ್ ಸಂಖ್ಯೆಯೂ ಸೇರಿರುವುದರಿಂದ ಎರಡೂ ಇನ್‌ಸ್ಟನ್ಸ್‌ಗಳ ಸಾಕೆಟ್‌ಗಳು ಒಂದೇ ಡೈರೆಕ್ಟರಿಯಲ್ಲಿ ಇರಬಹುದು. ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗವಾದ ಶೇರ್ಡ್ ಬಫರ್ ಡಿಫಾಲ್ಟ್ ಆಗಿ 128 ಎಂಬಿ ಇರುತ್ತದೆ. ಮೆಮೊರಿಯ ಕಾಲು ಭಾಗ ಕೊಡಬೇಕೆಂಬ ಸಾಮಾನ್ಯ ಸಲಹೆ, ಸರ್ವರ್ ಒಂದೇ ಇನ್‌ಸ್ಟನ್ಸಿಗೆ ಮೀಸಲಾಗಿದ್ದಾಗ ಹೇಳಿದ್ದು. ಇಲ್ಲಿ ಎರಡಿದ್ದುದರಿಂದ ಅದಕ್ಕಿಂತ ಕಡಿಮೆ ಇಟ್ಟೆ.

ಮೊದಲ ಸಲ, ಸರ್ವರನ್ನು ಚಾಲೂ ಮಾಡುವ ಮತ್ತು ನಿಲ್ಲಿಸುವ ಪಿಜಿ_ಸಿಟಿಎಲ್ ಕಮಾಂಡ್‌ನಿಂದ, ಲಾಗ್ ಫೈಲ್ ಸೂಚಿಸಿ, ಚಾಲೂ ಮಾಡಿದೆ. ಸಂಪರ್ಕ ಸಿಕ್ಕಿದ ಮೇಲೆ ಅದರಿಂದಲೇ ನಿಲ್ಲಿಸಿ, ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಯುನಿಟ್‌ಗೆ ಒಪ್ಪಿಸಿದೆ. ಯುನಿಟ್ ಫೈಲ್‌ನಲ್ಲಿ, ಚಾಲೂ ಆಗಲು ಕೊಡುವ ಕಾಲಮಿತಿಯನ್ನು ಅನಂತವೆಂದು ಬರೆದೆ. ಡಿಫಾಲ್ಟ್ ಆದ 90 ಸೆಕೆಂಡುಗಳನ್ನೇ ಬಿಟ್ಟರೆ, ಕ್ರ್ಯಾಶ್ ಆದ ನಂತರದ ರಿಕವರಿ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಾಗ ಸಿಸ್ಟಮ್‌ಡಿ ಅದನ್ನು ಅರ್ಧದಲ್ಲೇ ಕೊಂದುಬಿಡುತ್ತದೆ.