ಫ್ಯಾಂಟಸಿ ಕಾಮಿಡಿ ಅನಿಮೆಯನ್ನು ನಾನು ತೂಗುವ ಬಗೆ

ನಮ್ಮ ಕಸಿನ್‌ಗಳ ವಾಟ್ಸಾಪ್ ಗುಂಪಿನಲ್ಲಿ ನನಗೊಂದು ಕೆಲಸ ಅಂಟಿಕೊಂಡಿದೆ. ಫ್ಯಾಂಟಸಿ ಅನಿಮೆ, ಅಂದರೆ ಮಾಯಮಂತ್ರದ ಲೋಕದ ಜಪಾನಿ ಕಾರ್ಟೂನ್ ಸರಣಿ, ಹೊಸದು ಯಾವುದು ಬಂದರೂ "ಅಣ್ಣಾ, ನೋಡ್ಬಹುದಾ?" ಅಂತ ಮೆಸೇಜ್ ಬರುತ್ತದೆ. ಸೂಪರ್ ಅಂದರೆ ಯಾಕೆ ಅಂತಾರೆ, ಬೋರು ಅಂದರೂ ಯಾಕೆ ಅಂತಾರೆ. ಹಾಗಾಗಿ ನೋಡುವಾಗಲೇ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳುತ್ತೇನೆ. ಎಡಗಡೆ ಚೆನ್ನಾಗಿರುವುದು, ಬಲಗಡೆ ಚೆನ್ನಾಗಿಲ್ಲದ್ದು. ಎರಡನ್ನೂ ಕೂಡಿಸಿ ಕಳೆದು ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವುದಿಲ್ಲ. ಅದರ ಕಾರಣ ಮುಂದೆ ಹೇಳುತ್ತೇನೆ.

ಫ್ಯಾಂಟಸಿಯೂ ಕಾಮಿಡಿಯೂ ಸೇರಿದ ಸರಣಿ ನೋಡುವಾಗ ನನ್ನ ಮೊದಲ ಪ್ರಶ್ನೆ ಒಂದೇ. ಈ ಲೋಕದಿಂದ ಮಾಯಮಂತ್ರ ತೆಗೆದುಹಾಕಿದರೂ ಈ ಜೋಕು ನಡೆಯುತ್ತದಾ? ನಡೆಯುತ್ತದೆ ಅಂದರೆ ಅಲ್ಲಿರುವ ಡ್ರ್ಯಾಗನ್, ಮಂತ್ರದಂಡ, ಎಲ್ಫ್ ಕಿವಿ ಎಲ್ಲ ಬರೀ ಅಲಂಕಾರ. ನಾಯಕ ಎಡವಿ ಹುಡುಗಿಯ ಮೇಲೆ ಬೀಳುವುದು, ಬಿಸಿನೀರಿನ ಸ್ನಾನದ ಮನೆಯಲ್ಲಿ ಇಣುಕಲು ಹೋಗಿ ಒದೆ ತಿನ್ನುವುದು, ಇವೆಲ್ಲ ಹೈಸ್ಕೂಲ್ ಕಥೆಯಲ್ಲೂ ನಡೆಯುತ್ತವೆ. ಅದಕ್ಕೆ ಇನ್ನೊಂದು ಲೋಕವೇ ಯಾಕೆ ಬೇಕು? ಒಳ್ಳೆಯ ಸರಣಿಯಲ್ಲಿ ಆ ಲೋಕದ ನಿಯಮವೇ ನಗು ಹುಟ್ಟಿಸುತ್ತದೆ.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಕೊನೊಸುಬಾ. ಅಕಾತ್ಸುಕಿ ನಾತ್ಸುಮೆ ಬರೆದ ಕಾದಂಬರಿ ಸರಣಿ. 2016ರ ಜನವರಿಯಲ್ಲಿ ಸ್ಟುಡಿಯೊ ಡೀನ್ ಅದನ್ನು ಹತ್ತು ಎಪಿಸೋಡಿನ ಅನಿಮೆ ಮಾಡಿತು, ನಿರ್ದೇಶಕ ಕನಾಸಾಕಿ ತಕಾಓಮಿ. ಸತ್ತು ಬೇರೆ ಲೋಕಕ್ಕೆ ಹೋಗುವ ಇಸೆಕಾಯ್ ಕಥೆಗಳಲ್ಲಿ ನಾಯಕ ಯಾರನ್ನೋ ಕಾಪಾಡಲು ಹೋಗಿ ಲಾರಿಗೆ ಸಿಕ್ಕಿ ಸಾಯುವುದು ಮಾಮೂಲು. ಇಲ್ಲಿ ನಾಯಕ ಕಜುಮಾ ಲಾರಿ ಅಂದುಕೊಂಡಿದ್ದು ನಿಧಾನಕ್ಕೆ ಬರುತ್ತಿದ್ದ ಟ್ರ್ಯಾಕ್ಟರ್. ಅದು ಯಾರಿಗೂ ಗುದ್ದುವುದೂ ಇಲ್ಲ. ಇವನೇ ಗಾಬರಿಗೆ ಸತ್ತಿರುತ್ತಾನೆ. ಈ ಸಾವನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುವ ದೇವತೆ ಆಕ್ವಾಳನ್ನೇ ಅವನು ಸೇಡಿಗೆ ಜೊತೆಯಲ್ಲಿ ಎಳೆದುಕೊಂಡು ಹೋಗುತ್ತಾನೆ. ಆಮೇಲೆ? ಸಾಹಸ ಇಲ್ಲ, ಕೈಯಲ್ಲಿ ಕಾಸಿಲ್ಲ. ಇಬ್ಬರೂ ಊರ ಗೋಡೆ ಕಟ್ಟುವ ಕೂಲಿ ಮಾಡಿ, ರಾತ್ರಿ ಕುದುರೆ ಲಾಯದಲ್ಲಿ ಮಲಗುತ್ತಾರೆ. ದೇವತೆ ಕೂಲಿ ಕೆಲಸದಲ್ಲಿ ಖುಷಿಯಾಗಿ ಇದ್ದುಬಿಡುವ ಆ ಕೆಲವು ನಿಮಿಷ ನೋಡಿದರೆ ಸರಣಿಯ ಮನಸ್ಸು ಗೊತ್ತಾಗುತ್ತದೆ.

ನನ್ನ ಎರಡನೇ ಪರೀಕ್ಷೆ ಮತ್ತೆ ಮತ್ತೆ ಬರುವ ಜೋಕಿನದು. ಕಾಮಿಡಿ ಅನಿಮೆಗಳಲ್ಲಿ ಪ್ರತಿ ಪಾತ್ರಕ್ಕೂ ಒಂದು ಚಾಳಿ ಇರುತ್ತದೆ. ಮೊದಲ ಸಲ ಎಲ್ಲರೂ ನಗುತ್ತಾರೆ. ನಾನು ಗುರುತು ಹಾಕಿಕೊಳ್ಳುವುದು ನಾಲ್ಕನೆಯದೋ ಐದನೆಯದೋ ಸಲ ಏನಾಗುತ್ತದೆ ಅಂತ. ಕೊನೊಸುಬಾದ ಮಂತ್ರವಾದಿ ಹುಡುಗಿ ಮೆಗುಮಿನ್ ಕಲಿತಿರುವುದು ಸ್ಫೋಟದ ಮಂತ್ರ ಒಂದೇ, ಅದೂ ದಿನಕ್ಕೊಂದು ಸಲ. ಬಿಟ್ಟ ತಕ್ಷಣ ಶಕ್ತಿಯೆಲ್ಲ ಬಸಿದು ನೆಲಕ್ಕೆ ಬೀಳುತ್ತಾಳೆ, ಯಾರಾದರೂ ಬೆನ್ನ ಮೇಲೆ ಹೊತ್ತುಕೊಂಡು ಬರಬೇಕು. ಇಷ್ಟರಲ್ಲೇ ನಿಂತಿದ್ದರೆ ಬಲಗಡೆ ಬರೆಯುತ್ತಿದ್ದೆ. ಆದರೆ ನಾಲ್ಕನೇ ಎಪಿಸೋಡಿನಲ್ಲಿ ಅವಳು ದಿನಾ ಹೋಗಿ ಬೆಟ್ಟದ ಮೇಲಿನ ಹಾಳು ಕೋಟೆಯೊಂದಕ್ಕೆ ಸ್ಫೋಟ ಬಿಡುತ್ತಾಳೆ. ಜೊತೆಗೆ ಹೋಗುವ ಕಜುಮಾ ಸಂಗೀತ ಕಛೇರಿಯ ವಿಮರ್ಶಕನ ಹಾಗೆ ಇವತ್ತಿನ ಸ್ಫೋಟ ಹೇಗಿತ್ತು ಅಂತ ಗುಣ ಹೇಳಲು ಶುರು ಮಾಡುತ್ತಾನೆ. ಆ ಕೋಟೆಯಲ್ಲಿ ದೆವ್ವರಾಜನ ಸೇನಾಪತಿ, ತಲೆ ಮೈಯಿಂದ ಬೇರೆಯಾಗಿರುವ ವರ್ಡಿಯಾ ಬಿಡಾರ ಹೂಡಿರುತ್ತಾನೆ. ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು, "ದಿನಾ ದಿನಾ ನನ್ನ ಮನೆಗೆ ಯಾರ್ರೀ ಸ್ಫೋಟ ಬಿಡ್ತಿರೋದು" ಅನ್ನುವ ಧಾಟಿಯಲ್ಲಿ ದೂರು ಹೇಳಲು ಊರಬಾಗಿಲಿಗೆ ಬರುತ್ತಾನೆ. ಚಾಳಿಯೇ ಕಥೆಯನ್ನು ಮುಂದಕ್ಕೆ ತಳ್ಳಿತು ನೋಡಿ. ಮೊದಲ ಸೀಸನ್ನಿನ ಕೊನೆಯಲ್ಲಿ ಊರು ಉಳಿಸಲು ಇವರು ಮಾಡಿದ ಕೆಲಸಕ್ಕೆ ಒಬ್ಬ ದೊಡ್ಡ ಮನುಷ್ಯನ ಬಂಗಲೆ ಹಾರಿಹೋಗುತ್ತದೆ. 2017ರ ಎರಡನೇ ಸೀಸನ್ ಶುರುವಾಗುವುದೇ ಅದೇ ಕೇಸಿನಿಂದ, ಕಜುಮಾನ ಕೈಗೆ ಕೋಳ ಹಾಕುವುದರಿಂದ. ನಕ್ಕಿದ್ದಕ್ಕೆ ತೆರಬೇಕಾದ ಬೆಲೆ ಆಮೇಲೆ ಬರುತ್ತದೆ. ನನಗೆ ತುಂಬ ಇಷ್ಟವಾದದ್ದು ಇದು.

ಇನ್ನು ಬಲಗಡೆ. ಕಜುಮಾ ಕಲಿಯುವ ಕಳ್ಳತನದ ಮಂತ್ರ ಹುಡುಗಿಯರ ಒಳಬಟ್ಟೆಯನ್ನೇ ಕೈಗೆ ತರುವ ಜೋಕು ನನಗೆ ಮೊದಲ ಸಲವೂ ನಗು ತರಿಸಲಿಲ್ಲ. ಪೆಟ್ಟು ತಿಂದರೆ ಖುಷಿಪಡುವ ಡಾರ್ಕ್‌ನೆಸ್ ಪಾತ್ರವೂ ಹೆಚ್ಚಿನ ಕಡೆ ಒಂದೇ ಜಾಗದಲ್ಲಿ ಸುತ್ತುತ್ತದೆ. ಮೆಗುಮಿನ್ ಚಾಳಿಯಿಂದ ಘಟನೆ ಹುಟ್ಟುತ್ತದೆ. ಡಾರ್ಕ್‌ನೆಸ್ ಚಾಳಿಯಿಂದ ಹುಟ್ಟುವುದು ಬರೀ ಮುಖಭಾವ. ಅಂಕ ಕೊಡುವುದಿಲ್ಲ ಅಂದಿದ್ದು ಇದಕ್ಕೇ. ಕೆಲಸಕ್ಕೆ ಹೋಗುವ ನನ್ನ ಕಸಿನ್‌ಗೆ ಈ ಎಡಗಡೆ ಸಾಕು. ಅದೇ ಸರಣಿಯನ್ನು ಹನ್ನೆರಡು ವರ್ಷದ ಮಗಳ ಜೊತೆ ಕೂತು ನೋಡಬೇಕೆಂದಿರುವ ನನ್ನ ಚಿಕ್ಕಮ್ಮನಿಗೆ ಬಲಗಡೆಯೇ ಮುಖ್ಯ. ಹತ್ತಕ್ಕೆ ಎಂಟು ಅಂದರೆ ಇಬ್ಬರಿಗೂ ಸುಳ್ಳು ಹೇಳಿದಂತೆ.

ಚಿತ್ರ ಹೇಗಿದೆ ಅಂತ ನೋಡಲು ನನ್ನದೊಂದು ಸುಲಭದ ಉಪಾಯ. ಒಂದು ಎಪಿಸೋಡು ಪೂರ್ತಿ ನೋಡಿದ ಮೇಲೆ ಅದರ ಒಂದು ತುಂಡನ್ನು ಸೌಂಡ್ ತೆಗೆದು ಮತ್ತೆ ನೋಡುತ್ತೇನೆ. ಆಮೇಲೆ ಫೋನನ್ನು ಕವುಚಿಟ್ಟು ಬರೀ ಕೇಳುತ್ತೇನೆ. ಸಬ್‌ಟೈಟಲ್ ಇಟ್ಟುಕೊಂಡು ನೋಡುವ ನಮ್ಮಂಥವರಿಗೆ ಇದು ಬೇಕೇ ಬೇಕು. ಪಾತ್ರ ಬಾಯಿ ಬಿಡುವ ಮೊದಲೇ ನಾವು ಇಂಗ್ಲಿಷ್ ಸಾಲು ಓದಿ ನಕ್ಕುಬಿಟ್ಟಿರುತ್ತೇವೆ. ಹಾಗಾಗಿ ಟೈಮಿಂಗ್ ಚೆನ್ನಾಗಿತ್ತೋ ಇಲ್ಲವೋ ಅನ್ನುವುದೇ ಗೊತ್ತಾಗುವುದಿಲ್ಲ. ಕೊನೊಸುಬಾದಲ್ಲಿ ಸೌಂಡ್ ತೆಗೆದರೆ ಮುಖಗಳು ಸೊಟ್ಟಗೆ, ಕರಗಿದ ಮೇಣದ ಹಾಗೆ ಕಾಣುತ್ತವೆ. ಬೇರೆ ಸರಣಿಯಲ್ಲಾದರೆ ಇದನ್ನು ದೋಷ ಅನ್ನುತ್ತಿದ್ದೆ. ಇಲ್ಲಿ ಆ ಸೊಟ್ಟ ಮುಖಗಳೇ ಅರ್ಧ ಜೋಕು. ಕವುಚಿಟ್ಟು ಕೇಳಿದರೆ ಉಳಿದರ್ಧ ಸಿಗುತ್ತದೆ. ಅಮಾಮಿಯಾ ಸೋರಾ ಆಕ್ವಾಳಿಗೆ ಕೊಟ್ಟ ಆ ಗೊಳೋ ಅಳು, ಫುಕುಶಿಮಾ ಜುನ್ ಕಜುಮಾನಿಗೆ ಕೊಟ್ಟ ಸುಸ್ತಾದ ದನಿ. 2024ರ ಮೂರನೇ ಸೀಸನ್ ಡ್ರೈವ್ ಅನ್ನುವ ಸ್ಟುಡಿಯೊಗೆ ಹೋಯಿತು. ಚಿತ್ರ ಅಚ್ಚುಕಟ್ಟಾಯಿತು. ಅಚ್ಚುಕಟ್ಟಾದಷ್ಟೂ ನಾನು ಕಡಿಮೆ ನಕ್ಕೆ.

ಡೆಲಿಷಿಯಸ್ ಇನ್ ಡಂಜನ್ ವಿಷಯಕ್ಕೆ ಬರೋಣ. ಕುಯಿ ರ್‍ಯೋಕೊ ಅವರ ಮಾಂಗಾ (ಜಪಾನಿ ಕಾಮಿಕ್ಸ್) 2014ರಿಂದ 2023ರವರೆಗೆ ನಡೆದು 14 ಸಂಪುಟಕ್ಕೆ ಮುಗಿಯಿತು. ಸ್ಟುಡಿಯೊ ಟ್ರಿಗರ್ 2024ರಲ್ಲಿ 24 ಎಪಿಸೋಡು ಮಾಡಿತು, ನೆಟ್‌ಫ್ಲಿಕ್ಸ್‌ನಲ್ಲಿದೆ. ಡಂಜನ್ ಅಂದರೆ ರಾಕ್ಷಸರಿರುವ ನೆಲದಡಿಯ ಚಕ್ರವ್ಯೂಹ. ಅಲ್ಲಿ ಕೆಂಪು ಡ್ರ್ಯಾಗನ್ ಒಂದು ಸಾಹಸಿಗಳ ತಂಡದ ನಾಯಕ ಲಾಯೋಸ್‌ನ ತಂಗಿ ಫಾಲಿನ್‌ಳನ್ನು ನುಂಗಿಬಿಟ್ಟಿದೆ. ಅದು ಅವಳನ್ನು ಅರಗಿಸಿಕೊಳ್ಳುವ ಮೊದಲು ಈ ತಂಡ ಅಲ್ಲಿಗೆ ತಲುಪಬೇಕು. ಊಟಕ್ಕೆ ದುಡ್ಡಿಲ್ಲ. ಸರಿ, ದಾರಿಯಲ್ಲಿ ಸಿಗುವ ರಾಕ್ಷಸ ಪ್ರಾಣಿಗಳನ್ನೇ ಬೇಯಿಸಿಕೊಂಡು ತಿನ್ನೋಣ ಅಂತ ಹೊರಡುತ್ತಾರೆ.

ನನ್ನ ಮೊದಲ ಪ್ರಶ್ನೆ ಇಲ್ಲಿ ಕೇಳುವುದೇ ಬೇಡ. ನಡೆದಾಡುವ ಅಣಬೆ, ದೊಡ್ಡ ಚೇಳು ಹಾಕಿ ಕುದಿಸಿದ ಸಾರು, ಒಣಗಿಸಿದ ಸ್ಲೈಮ್ ಅನ್ನುವ ಲೋಳೆ ಪ್ರಾಣಿ, ಇವೆಲ್ಲ ಆ ಲೋಕ ಬಿಟ್ಟು ಇನ್ನೆಲ್ಲೂ ಇಲ್ಲ. ತಾನಾಗಿ ಓಡಾಡುವ ಕವಚ ಮಂತ್ರದಿಂದಲ್ಲ, ಒಳಗೆ ಗುಂಪಾಗಿ ಬದುಕುವ ಮೃದ್ವಂಗಿಗಳಿಂದ ನಡೆಯುತ್ತದೆ ಅಂತ ಲಾಯೋಸ್ ಕಂಡುಹಿಡಿಯುತ್ತಾನೆ. ಕಂಡುಹಿಡಿದವನು ಮಾಡುವ ಮೊದಲ ಕೆಲಸ ಅದು ತಿನ್ನಲು ಬರುತ್ತದಾ ಅಂತ ಯೋಚಿಸುವುದು. ಜೀವಶಾಸ್ತ್ರ ಎಷ್ಟು ಗಟ್ಟಿಯಾಗುತ್ತದೋ ಜೋಕೂ ಅಷ್ಟೇ ಗಟ್ಟಿಯಾಗುತ್ತದೆ. ಕುಳ್ಳ ಅಡುಗೆಯವ ಸೆನ್ಶಿಯ ಪಾತ್ರೆ ಒಂದು ಕಾಲದಲ್ಲಿ ಅಡಮಂಟ್ ಲೋಹದ ಗುರಾಣಿ, ಚಾಕು ಮಿಥ್ರಿಲ್‌ನದು. ಇಷ್ಟು ಬೆಲೆಬಾಳುವುದನ್ನು ಅಡುಗೆಗೆ ಹಾಳು ಮಾಡಿದ್ದೀಯಲ್ಲ ಅಂತ ಮೊದಲು ನಗುತ್ತೇವೆ. ಡ್ರ್ಯಾಗನ್ ಎದುರು ನಿಂತಾಗ ಅವೇ ಪ್ರಾಣ ಉಳಿಸುವ ಸಾಮಾನಾಗುತ್ತವೆ.

ಅರ್ಧದ ಹೊತ್ತಿಗೆ ಈ ಸರಣಿಯ ಬಣ್ಣ ಬದಲಾಗುತ್ತದೆ. ಫಾಲಿನ್‌ಳನ್ನು ಉಳಿಸಲು ತಂಡದ ಮಂತ್ರವಾದಿ ಮಾರ್ಸಿಲ್ ನಿಷೇಧಿತ ವಿದ್ಯೆ ಬಳಸುತ್ತಾಳೆ, ಅಲ್ಲಿಂದ ಮುಂದೆ ಕಥೆ ಕತ್ತಲಾಗುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬ ಇಲ್ಲೇ ಬಿಟ್ಟ. ಅಡುಗೆ ಕಾಮಿಡಿ ಅಂತ ಕರೆದು ಇದೇನು ತೋರಿಸ್ತಿದ್ದಾರೆ ಅಂತ ಅವನ ತಕರಾರು. ನಾನು ಇದನ್ನು ಎಡಗಡೆಯೇ ಬರೆದಿದ್ದೇನೆ. ಯಾರು ಯಾರನ್ನು ತಿನ್ನುತ್ತಾರೆ ಅನ್ನುವುದು ಮೊದಲ ಎಪಿಸೋಡಿನಿಂದಲೂ ಇತ್ತು. ಸಾರು ಕುದಿಯುವಾಗ ನಕ್ಕದ್ದೂ ಅದಕ್ಕೇ, ಈಗ ಹೆದರುವುದೂ ಅದಕ್ಕೇ. ಬಲಗಡೆ ಬರೆದದ್ದು ಬೇರೆ: ದ್ವಿತೀಯಾರ್ಧದಲ್ಲಿ ಹೊಸ ಪಾತ್ರಗಳು ಸಾಲಾಗಿ ಬಂದು, ಹೆಸರು ನೆನಪಿಡುವುದೇ ಕೆಲಸವಾಗುತ್ತದೆ. 24ನೇ ಎಪಿಸೋಡಿಗೆ ಕಥೆ ಮುಗಿಯುವುದೂ ಇಲ್ಲ.

ಸೀರಿಯಸ್ ತಿರುವು ಹೊರಗಿನಿಂದ ತಂದು ಅಂಟಿಸಿದ್ದಾ, ಒಳಗೇ ಇದ್ದದ್ದಾ ಅನ್ನುವುದನ್ನು ಎಲ್ಲ ಸರಣಿಯಲ್ಲೂ ನೋಡುತ್ತೇನೆ. ಫ್ರೀರೆನ್ ಅನ್ನುವ ಸರಣಿ ಕಾಮಿಡಿ ಅಲ್ಲ, ಆದರೆ ಅದರ ಹಾಸ್ಯ ಈ ವಿಷಯದಲ್ಲಿ ಬಲು ಜಾಣತನದ್ದು. ಪೆಟ್ಟಿಗೆಯ ವೇಷ ಹಾಕಿದ ರಾಕ್ಷಸ ಇದು ಅಂತ 99 ಪರ್ಸೆಂಟ್ ಖಚಿತವಾದರೂ, ಒಳಗೆ ಮಂತ್ರದ ಪುಸ್ತಕ ಇರಬಹುದು ಅನ್ನುವ ಉಳಿದ ಒಂದು ಪರ್ಸೆಂಟಿನ ಆಸೆಗೆ ನಾಯಕಿ ಫ್ರೀರೆನ್ ತಲೆ ಒಳಗಿಟ್ಟು ಸಿಕ್ಕಿಹಾಕಿಕೊಳ್ಳುತ್ತಾಳೆ. ಕೆಲಸಕ್ಕೆ ಬಾರದ ಮಂತ್ರಗಳ ಮೇಲಿನ ಅವಳ ಪ್ರೀತಿಯೇ ಕಥೆಯ ಬುನಾದಿ. ಆ ಜೋಕು ಅದರಿಂದಲೇ ಹುಟ್ಟಿದ್ದು.

ಇಸೆಕಾಯ್ ಕಥೆಯನ್ನೇ ತಿರುಗಾ ಮುರುಗಾ ಮಾಡಿದ್ದು ದ ಡೆವಿಲ್ ಈಸ್ ಎ ಪಾರ್ಟ್ ಟೈಮರ್. 2013ರದ್ದು, ವೈಟ್ ಫಾಕ್ಸ್ ಸ್ಟುಡಿಯೊ, 13 ಎಪಿಸೋಡು. ಯುದ್ಧದಲ್ಲಿ ಸೋತ ದೆವ್ವರಾಜ ಟೋಕಿಯೊಗೆ ಬಂದು ಬರ್ಗರ್ ಅಂಗಡಿಯಲ್ಲಿ ಗಂಟೆ ಲೆಕ್ಕದ ಕೆಲಸಕ್ಕೆ ಸೇರುತ್ತಾನೆ. ಅವನನ್ನು ಕೊಲ್ಲಲು ಬಂದ ವೀರನಾರಿ ಕಾಲ್ ಸೆಂಟರ್‌ನಲ್ಲಿ ದುಡಿಯುತ್ತಾಳೆ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟಿ ಕಾಲ್ ಸೆಂಟರ್ ಕೆಲಸ ಮಾಡಿದವರಿಗೆ ವಿವರಣೆ ಬೇಡ. ಇದರ ಬಲ ಏನೆಂದರೆ, ದೆವ್ವರಾಜ ಆ ಕೆಲಸವನ್ನು ಮನಸ್ಸಿಟ್ಟು ಮಾಡುತ್ತಾನೆ, ಸರಣಿ ಅವನ ಬಡತನವನ್ನು ಗೇಲಿ ಮಾಡುವುದಿಲ್ಲ. ಬಲಹೀನತೆ, ದೇವದೂತರು ಬಂದು ಕಾಳಗ ಶುರುವಾದಾಗಲೆಲ್ಲ ಮಾಮೂಲಿ ಆಗಿಬಿಡುತ್ತದೆ. ಎರಡನೇ ಸೀಸನ್ 2022ರಲ್ಲಿ, ಬೇರೆ ಸ್ಟುಡಿಯೊದಿಂದ ಬಂತು. ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ತೀರ್ಪು ಕೊಡುವ ಮುಂಚೆ ತಡೆದು ಯೋಚಿಸುತ್ತೇನೆ. ಈ ಸರಣಿಗಳ ಬಹಳಷ್ಟು ಜೋಕು ಜಪಾನಿನ ಹಳೆಯ ವಿಡಿಯೊ ಗೇಮ್‌ಗಳ ಮೇಲೆ ನಿಂತಿದೆ. ಸ್ಲೈಮ್, ವೀರ, ದೆವ್ವರಾಜ, ಇವೆಲ್ಲ ಅಲ್ಲಿಯ ಮಕ್ಕಳಿಗೆ 1986ರ ಡ್ರ್ಯಾಗನ್ ಕ್ವೆಸ್ಟ್‌ನಿಂದಲೇ ಪರಿಚಯ. ನಮ್ಮ ಮನೆಯ ಟಿವಿ ಗೇಮ್ ಕ್ಯಾಸೆಟ್‌ನಲ್ಲಿ ಮಾರಿಯೊ, ಕಾಂಟ್ರಾ ಇದ್ದವು ಅಷ್ಟೇ. ಹಾಗಾಗಿ ಜೋಕು ನೆಲಕಚ್ಚಿದ್ದಾ, ನನಗೆ ತಲುಪಲಿಲ್ಲವಾ ಅಂತ ಬೇರೆ ಮಾಡಿ ನೋಡಬೇಕು. 2022ರ ಅಂಕಲ್ ಫ್ರಮ್ ಅನದರ್ ವರ್ಲ್ಡ್ ಇದಕ್ಕೆ ಒಳ್ಳೆಯ ಪರೀಕ್ಷೆ. 2000ನೇ ಇಸವಿಯಲ್ಲಿ ಅಪಘಾತವಾಗಿ ಕೋಮಾಗೆ ಹೋದ ಮಾವ 2017ರಲ್ಲಿ ಎಚ್ಚರಗೊಳ್ಳುತ್ತಾನೆ. ಅಷ್ಟು ವರ್ಷ ಬೇರೆ ಲೋಕದಲ್ಲಿದ್ದವನಿಗೆ ಈಗಲೂ ಚಿಂತೆ ಸೆಗಾ ಕಂಪನಿಯದ್ದೇ. ಸೆಗಾ ಗೇಮ್‌ಗಳ ಹೆಸರು ಹೇಳಿ ನಗಿಸುವ ಜಾಗದಲ್ಲಿ ನಾನು ಸುಮ್ನೆ ಕೂತಿದ್ದೆ. ಆದರೆ ತನ್ನನ್ನು ಪ್ರೀತಿಸುವ ಎಲ್ಫ್ ಹುಡುಗಿ ಮೇಲ್ನೋಟಕ್ಕೆ ಬೈಯುವುದನ್ನು ಇವನು ನಿಜವಾದ ದ್ವೇಷ ಅಂದುಕೊಂಡು ಪಾಪ ಓಡಿಹೋಗುತ್ತಾನಲ್ಲ, ಅದಕ್ಕೆ ಯಾವ ಗೇಮೂ ಗೊತ್ತಿರಬೇಕಿಲ್ಲ. ಮೊದಲನೆಯದನ್ನು ಬಲಗಡೆ ಬರೆಯಲಿಲ್ಲ. ನೋಟ್‌ಬುಕ್ಕಿನ ಕೆಳಗೆ ಬೇರೆಯಾಗಿ ಬರೆದೆ.

ಹಳೆಯದಕ್ಕೂ ಬೇರೆ ತಕ್ಕಡಿ ಹಿಡಿಯುತ್ತೇನೆ ಅಂದುಕೊಳ್ಳಬೇಡಿ. 1995ರ ಸ್ಲೇಯರ್ಸ್ ನೋಡಿದರೆ ಚಿತ್ರ ಬಡವಾಗಿ ಕಾಣುತ್ತದೆ, ಮಂತ್ರ ಹೇಳುವ ದೃಶ್ಯ ಪದೇ ಪದೇ ಅದೇ ಬರುತ್ತದೆ. ಅದನ್ನು ಬಲಗಡೆ ಬರೆದೇ ಬರೆದಿದ್ದೇನೆ. ಆದರೂ ಹಾಯಾಶಿಬಾರಾ ಮೆಗುಮಿಯ ದನಿಯಲ್ಲಿ ಲೀನಾ ಇನ್ವರ್ಸ್ ಇವತ್ತಿಗೂ ಜೋರು. ದರೋಡೆಕೋರರೇ ಹೆಸರು ಕೇಳಿ ನಡುಗುವ ನಾಯಕಿ. ಅವಳು ಡ್ರ್ಯಾಗನ್ ಸ್ಲೇವ್ ಅನ್ನುವ ಮಂತ್ರ ಪ್ರಯೋಗಿಸಿದರೆ ಶತ್ರುವಿನ ಜೊತೆ ಊರೂ ಹೋಗುತ್ತದೆ. ಮೆಗುಮಿನ್ ಯಾರ ವಂಶ ಅಂತ ಗೊತ್ತಾಗಬೇಕಾದರೆ ಇದನ್ನು ನೋಡಬೇಕು.

ಮೂರು ಎಪಿಸೋಡು ನೋಡಿ ತೀರ್ಮಾನ ಮಾಡು ಅನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಕಾಮಿಡಿಗೆ ಅದು ಸಾಲದು. ಮೂರರ ತನಕ ಚಾಳಿಗಳ ಪರಿಚಯವೇ ನಡೆದಿರುತ್ತದೆ. ನಾನು ಐದಾದರೂ ನೋಡುತ್ತೇನೆ. ಅಷ್ಟರೊಳಗೆ ಯಾವ ಚಾಳಿಯಿಂದಲೂ ಯಾರಿಗೂ ತೊಂದರೆ ಆಗಿಲ್ಲ ಅಂದರೆ ಬಿಡುತ್ತೇನೆ. ನಾಯಕನ ಶಕ್ತಿ ಇಷ್ಟು, ಲೆವೆಲ್ ಇಷ್ಟು ಅಂತ ಗಾಳಿಯಲ್ಲಿ ಪಟ್ಟಿ ತೆರೆದುಕೊಳ್ಳುತ್ತಲೇ ಇದ್ದು, ಯಾವುದಕ್ಕೂ ಬೆಲೆ ತೆರಬೇಕಾಗಿಲ್ಲ ಅನ್ನುವ ಸರಣಿಗಳು ಹೆಚ್ಚಾಗಿ ಇಲ್ಲೇ ಉದುರುತ್ತವೆ. ಸೋಲುವ ಭಯ ಇಲ್ಲದ ಕಡೆ ಸಾಹಸವೂ ಇಲ್ಲ, ನಗುವೂ ಇಲ್ಲ ಅಲ್ವಾ.

ಕೊನೆಗೆ ಗುಂಪಿಗೆ ಹೋಗುವುದು ಎರಡು ಮೂರು ಸಾಲು. ಡಂಜನ್‌ಗೆ ಬರೆದದ್ದು ಹೀಗಿತ್ತು: "ಊಟ ಮಾಡ್ತಾ ನೋಡ್ಬೇಡಿ, ಊಟ ಆದ್ಮೇಲೆ ನೋಡಿ. ಮೊದಲರ್ಧ ಎಲ್ಲರಿಗೂ. ಆಮೇಲೆ ರಕ್ತ ಇದೆ, ಚಿಕ್ಕವರಿಗೆ ಬೇಡ." ಕೊನೊಸುಬಾಗೆ: "ಹೆಡ್‌ಫೋನ್ ಹಾಕ್ಕೊಂಡು ನೋಡಿ. ಧ್ವನಿಗಾಗಿ ಒಂದು ಕಾರಣ, ಮನೆಯಲ್ಲಿ ಅಜ್ಜಿ ಇದ್ದಾರೆ ಅನ್ನೋದು ಇನ್ನೊಂದು."